ಹೆಬ್ಬಾಳದ ಮೇಲೆ ಹಾರೋದು ಯಾವ ಸ್ವಿಫ್ಟ್? ಹೆಸರು ತಪ್ಪಿದರೆ ಲೆಕ್ಕವೂ ತಪ್ಪುತ್ತೆ

ಏರೋ ಇಂಡಿಯಾ ಹತ್ತಿರ ಬಂತು ಅಂದರೆ ಯಲಹಂಕದ ಸುತ್ತಮುತ್ತ ಮಾಂಸದಂಗಡಿಗಳ ಷಟರ್ ಕೆಳಗಿಳಿಯುತ್ತೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ವಾಯುನೆಲೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ, ಕೋಳಿ, ಮೀನು ಮಾರಬೇಡಿ ಅಂತ ಬಿಬಿಎಂಪಿ ಆದೇಶ ಹೊರಡಿಸಿತ್ತು. 2025ರಲ್ಲಿ ಆ ವ್ಯಾಪ್ತಿ 13 ಕಿಲೋಮೀಟರ್ ಆಯ್ತು. ಕೊಟ್ಟ ಕಾರಣ ಇಷ್ಟೇ: ಬಿಸಾಡಿದ ಮಾಂಸಕ್ಕೆ ಹದ್ದುಗಳು ಮುಗಿಬೀಳುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅಪಾಯ.

ಆದೇಶ ಸರಿಯೋ ತಪ್ಪೋ ಅನ್ನೋ ಜಗಳ ಪ್ರತಿ ಸಲ ಆಗುತ್ತೆ, ಆಗಬೇಕು ಕೂಡ. ನನ್ನನ್ನು ಕೇಳಿದರೆ, ಹದ್ದನ್ನು ಕರೆಯೋದು ರಸ್ತೆ ಪಕ್ಕ ಸುರಿದ ತ್ಯಾಜ್ಯ. ಅಂಗಡಿಯಲ್ಲಿ ತೂಗಿ ಕವರ್‌ಗೆ ಹಾಕಿ ಕೊಟ್ಟ ಅರ್ಧ ಕೆಜಿ ಮಟನ್ ಅಲ್ಲ. ತ್ಯಾಜ್ಯ ಎತ್ತೋದು ಪಾಲಿಕೆಯ ಕೆಲಸ, ಅದರ ಬೆಲೆ ತೆತ್ತಿದ್ದು ಅಂಗಡಿಯವರು. ಆದರೆ ಇವತ್ತಿನ ವಿಷಯ ಅದಲ್ಲ. ಆ ಆದೇಶದಲ್ಲಿ ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು ಅನ್ನೋದನ್ನು ಗಮನಿಸಿ: ಅದು ಬರೀ 'ಹಕ್ಕಿ' ಅನ್ನಲಿಲ್ಲ, ಹದ್ದು ಅಂತ ಹೆಸರು ಹಿಡಿದು ಹೇಳಿತು. ಹಾಗೆ ಹೇಳಿದ್ದರಿಂದಲೇ ಅದರ ಮೇಲೆ ವಾದ ಮಾಡೋಕೆ ಸಾಧ್ಯ. ಹದ್ದು ಏನು ತಿನ್ನುತ್ತೆ, ಎಷ್ಟು ದೂರದಿಂದ ಬರುತ್ತೆ, ಅಂಗಡಿ ಮುಚ್ಚಿದರೆ ನಿಜಕ್ಕೂ ಕಡಿಮೆಯಾಗುತ್ತಾ ಅಂತ ಕೇಳಬಹುದು. 'ಹಕ್ಕಿಗಳ ಕಾಟ' ಅಂದುಬಿಟ್ಟರೆ ಕೇಳೋಕೆ ಏನೂ ಉಳಿಯಲ್ಲ.

ಅದೇ ಯಲಹಂಕದ ಆಕಾಶದಲ್ಲಿ ಹದ್ದಿಗಿಂತ ಎಷ್ಟೋ ಚಿಕ್ಕದಾದ, ಮಾಂಸದ ಚೂರನ್ನು ಮೂಸಿಯೂ ನೋಡದ ಇನ್ನೊಂದು ಬಗೆಯ ಹಕ್ಕಿ ಇಡೀ ದಿನ ಸುತ್ತುತ್ತಿರುತ್ತೆ. ಸ್ವಿಫ್ಟ್. ಗೂಗಲ್ ಮಾಡಿದರೆ ಮೊದಲು ಮಾರುತಿ ಕಾರು ಬರುತ್ತೆ, ಇರಲಿ. ಕನ್ನಡದಲ್ಲಿ ಇದನ್ನು ಬಾನಾಡಿ ಅಂತ ಕರೆಯೋದುಂಟು. ಚೆಂದದ ಹೆಸರು, ಆದರೆ ಕವಿಗಳು ಎಲ್ಲ ಹಕ್ಕಿಗೂ ಬಾನಾಡಿ ಅಂದುಬಿಟ್ಟಿದ್ದಾರೆ. ಆರ್.ಟಿ. ನಗರದ ಮಹಡಿ ಮೇಲೆ ಬಟ್ಟೆ ಒಣಗಿಸೋರು ಇದನ್ನೂ 'ಯಾವ್ದೋ ಗುಬ್ಬಿ' ಅಂತಾರೆ. ಹಾಗಾಗಿ ನಾನು ಸ್ವಿಫ್ಟ್ ಅಂತಲೇ ಬರೀತೀನಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಹೆಬ್ಬಾಳ ಕೆರೆ ಮೇಲೆ ಹುಳ ಹಿಡಿಯುತ್ತಾ ಹಾರೋದೆಲ್ಲ ಸ್ವಿಫ್ಟ್ ಅಲ್ಲ. ಸ್ವಾಲೋ ಅಂತ ಬೇರೆ ಹಕ್ಕಿಗಳಿವೆ, ಅಂಬರಗುಬ್ಬಿ, ಕವಲುತೋಕೆ ಅಂತೆಲ್ಲ ಕರೆಯೋದು ಅವನ್ನು. ದೂರದಿಂದ ಎರಡೂ ಒಂದೇ ಥರ. ಆದರೆ ವಂಶದ ಲೆಕ್ಕದಲ್ಲಿ ಸ್ವಾಲೋಗೆ ಹತ್ತಿರದ ನೆಂಟ ನಿಮ್ಮ ಮನೆ ಮುಂದಿನ ಗುಬ್ಬಚ್ಚಿ, ಸ್ವಿಫ್ಟ್‌ಗೆ ಹತ್ತಿರದ ನೆಂಟ ಅಮೆರಿಕ ಖಂಡದ ಹಮ್ಮಿಂಗ್‌ಬರ್ಡ್. ಗಾಳಿಯಲ್ಲಿ ಹುಳ ಹಿಡಿದೇ ಬದುಕಬೇಕು ಅಂದಾಗ ಇಬ್ಬರಿಗೂ ಒಂದೇ ಆಕಾರ ಬಂದಿದೆ. ಬೇರ್ಪಡಿಸೋ ದಾರಿ ಸುಲಭ: ಕರೆಂಟ್ ತಂತಿ ಮೇಲೆ ಸಾಲಾಗಿ ಕೂತಿದ್ದರೆ ಅದು ಸ್ವಿಫ್ಟ್ ಅಲ್ಲವೇ ಅಲ್ಲ. ಸ್ವಿಫ್ಟ್ ಕಾಲು ತೀರಾ ಗಿಡ್ಡ, ಗೋಡೆಗೋ ಗರಿಗೋ ನೇತುಬೀಳೋಕೆ ಮಾತ್ರ ಅದು ಸಾಕು, ಕೊಂಬೆ ತಂತಿ ಹಿಡಿದು ಕೂರೋಕೆ ಆಗಲ್ಲ. ಇದರ ಕುಲನಾಮ 'ಏಪಸ್' ಅಂದರೆ ಗ್ರೀಕ್‌ನಲ್ಲಿ ಕಾಲಿಲ್ಲದ್ದು. ಹಾರುವಾಗ ರೆಕ್ಕೆ ಕುಡುಗೋಲಿನ ಹಾಗೆ ಬಾಗಿ, ಗಟ್ಟಿಯಾಗಿ ನಿಂತಿರುತ್ತೆ. ಸ್ವಾಲೋ ರೆಕ್ಕೆ ಮಡಚಿ ಮಡಚಿ ಬಡಿಯುತ್ತೆ.

ಈಗ ಸ್ವಿಫ್ಟ್‌ಗಳ ಒಳಗೆ ಬರೋಣ. ಉತ್ತರ ಬೆಂಗಳೂರಲ್ಲಿ ವರ್ಷಪೂರ್ತಿ ಕಾಣೋದು ಮುಖ್ಯವಾಗಿ ಎರಡು. ಒಂದು ಲಿಟ್ಲ್ ಸ್ವಿಫ್ಟ್, ಇನ್ನೊಂದು ಏಷ್ಯನ್ ಪಾಮ್ ಸ್ವಿಫ್ಟ್. ಉದ್ದದಲ್ಲಿ ಹೆಚ್ಚುಕಡಿಮೆ ಒಂದೇ, ಒಂದು ಸುಮಾರು 12 ಸೆಂಟಿಮೀಟರ್, ಇನ್ನೊಂದು 13. ಹಾಗಾಗಿ 'ದೊಡ್ಡದು ಚಿಕ್ಕದು' ಅಂತ ನೋಡೋಕೆ ಹೋಗಬೇಡಿ. ಮೈಕಟ್ಟು ನೋಡಿ. ಲಿಟ್ಲ್ ಸ್ವಿಫ್ಟ್ ಕುಳ್ಳ, ದಪ್ಪ ಎದೆ, ಬಾಲ ಕತ್ತರಿಸಿ ಇಟ್ಟ ಹಾಗೆ ಚೌಕ. ಪಾಮ್ ಸ್ವಿಫ್ಟ್ ಒಣಕಲು ಕಡ್ಡಿ, ರೆಕ್ಕೆ ಸಪೂರ, ಬಾಲ ಉದ್ದ. ಆ ಬಾಲದಲ್ಲಿ ಆಳವಾದ ಕವಲಿದೆ, ಆದರೆ ಬಹಳಷ್ಟು ಸಲ ಅದನ್ನು ಮುಚ್ಚಿಕೊಂಡೇ ಹಾರೋದರಿಂದ ಸೂಜಿಯ ಹಾಗೆ ಕಾಣುತ್ತೆ. ತಿರುವು ತಗೊಳ್ಳುವಾಗ ಒಂದು ಕ್ಷಣ ಕವಲು ಬಿಚ್ಚುತ್ತೆ, ಆಗ ನೋಡಬೇಕು.

ಬಣ್ಣ ಇನ್ನೂ ಸುಲಭ, ಬೆಳಕು ಸರಿಯಿದ್ದರೆ. ಲಿಟ್ಲ್ ಸ್ವಿಫ್ಟ್ ಮೈ ಕಪ್ಪು, ಗಂಟಲು ಬಿಳಿ, ಸೊಂಟದ ಮೇಲೆ ಅಗಲವಾದ ಬಿಳಿ ಪಟ್ಟಿ. ಸೊಂಟ ಅಂದರೆ ಬೆನ್ನು ಮುಗಿದು ಬಾಲ ಶುರುವಾಗೋ ಜಾಗ. ಆ ಪಟ್ಟಿ ಪಕ್ಕಕ್ಕೂ ಸುತ್ತಿಕೊಂಡಿರೋದರಿಂದ, ಹಕ್ಕಿ ಸ್ವಲ್ಪ ವಾಲಿದರೂ ಕೆಳಗೆ ನಿಂತವರಿಗೆ ಬಿಳಿ ಮಿಂಚಿದ ಹಾಗೆ ಕಾಣುತ್ತೆ. ಪಾಮ್ ಸ್ವಿಫ್ಟ್‌ನಲ್ಲಿ ಎಲ್ಲೂ ಬಿಳಿ ಪಟ್ಟಿ ಇಲ್ಲ, ಇಡೀ ಮೈ ಮಾಸಿದ ಬೂದುಗಂದು. ಮಧ್ಯಾಹ್ನದ ಬಿಸಿಲಲ್ಲಿ ಎರಡೂ ಕಪ್ಪು ನೆರಳುಗಳೇ, ಆಗ ಬಣ್ಣ ಬಿಟ್ಟು ಬಾಲ ನೋಡಿ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಅರ್ಧ ಕೆಲಸ ಮುಗೀತು. ಮೇಲ್ಸೇತುವೆ ಪಕ್ಕದ ಮಹಡಿಯೊಂದರಿಂದ ನೋಡಿದರಂತೂ ಹಕ್ಕಿಯ ಬೆನ್ನೇ ಕಾಣುತ್ತೆ. ಹೆಬ್ಬಾಳದಂಥ ಕಡೆ ಸ್ವಿಫ್ಟ್ ನೋಡೋರಿಗೆ ನಗರ ಕೊಟ್ಟಿರೋ ಒಂದೇ ಒಂದು ಸೌಲಭ್ಯ ಅದು.

ಆದರೆ ನನಗೆ ಮುಖ್ಯ ಅನ್ಸೋದು ಬಾಲವೂ ಅಲ್ಲ, ಬಣ್ಣವೂ ಅಲ್ಲ. ಗೂಡು.

ಲಿಟ್ಲ್ ಸ್ವಿಫ್ಟ್ ಗೂಡಿಗೆ ಬೇಕಾಗಿರೋದು ಒಂದು ಸೂರು. ಹಳೇ ಕಟ್ಟಡದ ಚಾವಣಿ, ಕಮಾನು, ದೇವಸ್ಥಾನದ ಮಂಟಪ, ಮಸೀದಿಯ ಹೆಬ್ಬಾಗಿಲು, ಸೇತುವೆಯ ಅಡಿ, ಏನಾದರೂ ಸರಿ. ಗಾಳಿಯಲ್ಲಿ ತೇಲಿ ಬಂದ ಪುಕ್ಕ, ಹುಲ್ಲೆಳೆಗಳನ್ನು ಹಾರುತ್ತಲೇ ಹಿಡಿದು, ತನ್ನ ಜೊಲ್ಲಿನಿಂದ ಅಂಟಿಸಿ, ಚಾವಣಿಗೆ ಮೆತ್ತಿದ ಉಂಡೆಯ ಹಾಗೆ ಗೂಡು ಮಾಡುತ್ತೆ. ಒಂಟಿಯಾಗಿ ಅಲ್ಲ, ಪಕ್ಕಪಕ್ಕದಲ್ಲೇ ವಠಾರದ ಹಾಗೆ. ಮರಿ ಹಾರಿದ ಮೇಲೂ ಗೂಡು ಖಾಲಿಯಾಗಲ್ಲ, ರಾತ್ರಿ ಮಲಗೋಕೆ ಅಲ್ಲಿಗೇ ಬರುತ್ತವೆ. ಸಂಜೆ ಕಟ್ಟಡದ ಮೇಲೆ ಗುಂಪುಗಟ್ಟಿ ಗಿರಗಿರ ಸುತ್ತುತ್ತಾ ಕಿರುಚೋದು ಕೇಳಿದ್ದೀರಾ? ಅದು ಮಲಗೋಕೆ ಮುಂಚಿನ ಸಭೆ.

ಪಾಮ್ ಸ್ವಿಫ್ಟ್‌ಗೆ ಕಟ್ಟಡ ಬೇಡ, ಬೇಕಾಗಿರೋದು ತಾಳೆ. ಅದರಲ್ಲೂ ಬೀಸಣಿಗೆಯ ಹಾಗೆ ಅಗಲ ಗರಿ ಇರೋ ತಾಳೆ. ಗರಿ ಒಣಗಿ ಕೆಳಗೆ ಜೋತುಬಿದ್ದಾಗ, ಅದರ ಮಡಿಕೆಯೊಳಗೆ ಪುಕ್ಕ ಮತ್ತು ಹತ್ತಿಯಂಥ ನಾರನ್ನು ಜೊಲ್ಲಿನಿಂದ ಅಂಟಿಸಿ ಪುಟ್ಟ ಅರ್ಧ ಬಟ್ಟಲಿನಂಥ ಗೂಡು ಕಟ್ಟುತ್ತೆ. ರಾತ್ರಿ ಮಲಗೋದೂ ಅಲ್ಲೇ, ಗರಿಗೆ ನೇತುಬಿದ್ದು. ನಮ್ಮ ಕಡೆ ಈಚಲು, ತೆಂಗು ಎಷ್ಟೇ ಇದ್ದರೂ ಬೀಸಣಿಗೆ ತಾಳೆ ಕೊಡೋ ಮರೆಯನ್ನು ಅವು ಕೊಡಲ್ಲ. ಹಳೇ ಬಂಗಲೆಗಳ ಕಾಂಪೌಂಡು, ಸರ್ಕಾರಿ ಸಂಸ್ಥೆಗಳ ಆವರಣ, ಜಿಕೆವಿಕೆಯಂಥ ದೊಡ್ಡ ಕ್ಯಾಂಪಸ್, ಇತ್ತೀಚೆಗೆ ಬಂದ ಗೇಟೆಡ್ ಲೇಔಟ್‌ಗಳಲ್ಲಿ ಅಂದಕ್ಕೆ ಅಂತ ನೆಟ್ಟ ಸಾಲು, ಬೀಸಣಿಗೆ ತಾಳೆ ಹುಡುಕಬೇಕಾಗಿರೋದು ಇಂಥ ಕಡೆ.

ಇಲ್ಲಿದೆ ನೋಡಿ ವ್ಯತ್ಯಾಸ. ಬಳ್ಳಾರಿ ರಸ್ತೆಯ ಉದ್ದಕ್ಕೂ ಕಾಂಕ್ರೀಟ್ ಸುರಿದಾಗ ಒಂದು ಸ್ವಿಫ್ಟ್‌ಗೆ ಹೊಸ ಸೂರು ಸಿಕ್ಕಬಹುದು. ಇನ್ನೊಂದಕ್ಕೆ ಆ ಕಾಂಕ್ರೀಟ್‌ನಿಂದ ಏನೂ ಸಿಗಲ್ಲ, ರಸ್ತೆ ಅಗಲ ಮಾಡೋಕೆ ಹೋದ ಮರಗಳಲ್ಲಿ ಎರಡು ತಾಳೆ ಇದ್ದರೆ ಅದರ ಮನೆಯೇ ಹೋಯ್ತು. 'ನೋಡ್ರೀ, ಫ್ಲೈಓವರ್ ಬಂದ ಮೇಲೂ ಸ್ವಿಫ್ಟ್‌ಗಳು ಹಾರ್ತಾನೇ ಇವೆ, ಪರಿಸರವಾದಿಗಳು ಸುಮ್ನೆ ಕೂಗ್ತಾರೆ' ಅಂತ ಯಾರಾದರೂ ಅಂದರೆ, ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಸ್ವಿಫ್ಟ್? ಇದು ಹಕ್ಕಿಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಅಲ್ಲ ಅಂತ ಈ ಪುಟ ಓದೋರಿಗೆ ಬಿಡಿಸಿ ಹೇಳಬೇಕಿಲ್ಲ. ಸರಾಸರಿ ಆದಾಯ ಏರಿದೆ ಅಂದಾಗ ಯಾರ ಆದಾಯ ಅಂತ ನಾವು ಕೇಳ್ತೀವಲ್ಲ, ಹಾಗೇ.

ಅದರಲ್ಲೂ ಕಾಂಕ್ರೀಟ್ ಅಂದರೆ ಲಿಟ್ಲ್ ಸ್ವಿಫ್ಟ್‌ಗೆ ಹಬ್ಬ ಅಂದುಕೊಳ್ಳಬೇಡಿ. ಗಾಜಿನ ಮುಖದ ಕಟ್ಟಡದಲ್ಲಿ ಗೂಡು ಮೆತ್ತೋಕೆ ಜಾಗವೇ ಇಲ್ಲ. ಹಳೇ ಕಟ್ಟಡಕ್ಕೆ ಸುಣ್ಣಬಣ್ಣ ಹೊಡೆಯುವಾಗ ಮೊದಲು ಹೋಗೋದು ಗೂಡು. ಹಿಕ್ಕೆ ಬೀಳುತ್ತೆ, ಗಲೀಜು ಅಂತ ಉದ್ದ ಕೋಲಿನಿಂದ ಕೆಡವುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅನ್ನೋ ಪದಕ್ಕೆ ಕೊಟ್ಟಿರೋ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ ಹಾಳು ಮಾಡೋದು, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಬಣ್ಣದ ಕಾಂಟ್ರ್ಯಾಕ್ಟ್ ಕೊಡುವಾಗ ಈ ಮಾತು ಎಷ್ಟು ಕಡೆ ಚರ್ಚೆಗೆ ಬರುತ್ತೆ ಅಂತ ನೀವೇ ಊಹಿಸಿ. ಗುಲ್ಲೆಬ್ಬಿಸದೆ ಮಾಡಬಹುದಾದ ಕೆಲಸ ಇದೆ: ಮೊಟ್ಟೆ ಮರಿ ಇಲ್ಲದ ಸಮಯ ನೋಡಿ ಬಣ್ಣ ಹೊಡೆಸೋದು, ಗೂಡಿರೋ ಮೂಲೆಯನ್ನು ಬಿಟ್ಟುಬಿಡೋದು, ಹಿಕ್ಕೆ ಬೀಳೋ ಕಡೆ ಅಡಿಯಲ್ಲಿ ಒಂದು ಹಲಗೆ ಕಟ್ಟೋದು. ಪಾಮ್ ಸ್ವಿಫ್ಟ್ ವಿಷಯದಲ್ಲಿ ಇನ್ನೂ ಕಡಿಮೆ ಖರ್ಚು. ಲೇಔಟ್‌ನ ಮಾಲಿಗೆ 'ತಾಳೆಯ ಒಣ ಗರಿ ಕಡೀಬೇಡಪ್ಪಾ' ಅಂದರೆ ಸಾಕು. ಮರ ನೀಟಾಗಿ ಕಾಣಲಿ ಅಂತ ಒಣ ಗರಿ ಸವರಿಬಿಟ್ಟರೆ ಹಸಿರು ತಾಳೆ ನಿಂತೇ ಇರುತ್ತೆ, ಮನೆ ಮಾತ್ರ ಇರಲ್ಲ. ಮರಗಣತಿಯಲ್ಲಿ ಆ ಮರ 'ಇದೆ' ಅಂತಲೇ ಬರುತ್ತೆ.

ಬ್ರಿಟನ್‌ನಲ್ಲಿ ಇದೇ ವಿಷಯ ಸಂಸತ್ತಿಗೆ ಹೋಗಿದೆ. ಅಲ್ಲಿನ ಕಾಮನ್ ಸ್ವಿಫ್ಟ್ ಗೋಡೆಯ ತೂತಿನೊಳಗೆ ಗೂಡು ಕಟ್ಟುತ್ತೆ, ಹೊಸ ಮನೆಗಳಲ್ಲಿ ತೂತೇ ಇಲ್ಲ. ಹಾಗಾಗಿ ಒಳಗೆ ಟೊಳ್ಳಿರೋ ಇಟ್ಟಿಗೆಯೊಂದನ್ನು ಪ್ರತಿ ಹೊಸ ಮನೆಗೂ ಕಡ್ಡಾಯ ಮಾಡಿ ಅಂತ ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, 2023ರ ಜುಲೈನಲ್ಲಿ ಚರ್ಚೆ ನಡೆಯಿತು. ಬ್ರೈಟನ್ ನಗರ 2020ರಲ್ಲೇ ಐದು ಮೀಟರ್‌ಗಿಂತ ಎತ್ತರದ ಹೊಸ ಕಟ್ಟಡಗಳಿಗೆ ಆ ನಿಯಮ ತಂದಿತ್ತು. ಇದನ್ನು ಓದಿದ ಕೂಡಲೇ ನಮ್ಮಲ್ಲೂ ಸ್ವಿಫ್ಟ್ ಇಟ್ಟಿಗೆ ತರೋಣ ಅನ್ನೋ ಉತ್ಸಾಹ ಬರುತ್ತೆ. ನಿಧಾನ. ನಮ್ಮ ಲಿಟ್ಲ್ ಸ್ವಿಫ್ಟ್ ಮುಖ್ಯವಾಗಿ ಸೂರಿನ ಅಡಿಗೆ ಹೊರಗಿನಿಂದ ಗೂಡು ಮೆತ್ತೋ ಹಕ್ಕಿ. ಇಲ್ಲಿ ಕೇಳಬೇಕಾಗಿರೋದು ಇಟ್ಟಿಗೆಯನ್ನಲ್ಲ, ಒರಟು ಚಾವಣಿ ಇರೋ ಒಂದು ಚಾಚನ್ನು. ಇನ್ನೊಂದು ದೇಶದ ಪರಿಹಾರವನ್ನು ಹಕ್ಕಿಯ ಜಾತಿ ನೋಡದೆ ತಂದರೆ ಟೆಂಡರ್ ಆಗುತ್ತೆ, ಗೂಡಾಗಲ್ಲ.

ವಾಟ್ಸ್ಆ್ಯಪ್‌ನಲ್ಲಿ ಓಡಾಡೋ 'ಸ್ವಿಫ್ಟ್ ಹತ್ತು ತಿಂಗಳು ನೆಲಕ್ಕೇ ಇಳಿಯಲ್ಲ' ಅನ್ನೋ ಸುದ್ದಿಯೂ ಹೀಗೇ. ಸುದ್ದಿ ನಿಜ, 2016ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಅದನ್ನು ತೋರಿಸಿದರು. ಆದರೆ ಅದು ಆಫ್ರಿಕಾಕ್ಕೆ ವಲಸೆ ಹೋಗೋ ಕಾಮನ್ ಸ್ವಿಫ್ಟ್ ಕತೆ. ಯಶವಂತಪುರದ ಸ್ವಿಫ್ಟ್ ರಾತ್ರಿ ಮನೆಗೆ ಬಂದು ಮಲಗುತ್ತೆ.

ಈಗ ಕಷ್ಟದ ಜೋಡಿ. ನಿಜವಾಗಿಯೂ ಅಣ್ಣತಮ್ಮಂದಿರಂಥ ಎರಡು ಜಾತಿ: ಲಿಟ್ಲ್ ಸ್ವಿಫ್ಟ್ ಮತ್ತು ಹೌಸ್ ಸ್ವಿಫ್ಟ್. ಹಕ್ಕಿ ಗುರುತಿಸೋ ಆ್ಯಪ್‌ನಲ್ಲಿ ಸ್ವಿಫ್ಟ್ ಅಂತ ಹುಡುಕಿದರೆ ಎರಡೂ ಬರುತ್ತವೆ. ನಮ್ಮ ಹಕ್ಕಿ ಮನೆಯಲ್ಲೇ ಗೂಡು ಕಟ್ಟುತ್ತಲ್ಲ, ಹಾಗಾದರೆ ಹೌಸ್ ಸ್ವಿಫ್ಟೇ ಇರಬೇಕು ಅಂತ ಹೊಸಬರು ಅದನ್ನೇ ಒತ್ತೋದು ಸಹಜ. ಮನೆಯಲ್ಲಿ ಹಳೇ ಪುಸ್ತಕ ಇದ್ದರಂತೂ ಅದೂ ಹಾಗೇ ಹೇಳುತ್ತೆ. ಸಲೀಂ ಅಲಿ 1941ರಲ್ಲಿ ತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಈ ಬಿಳಿ ಸೊಂಟದ ಹಕ್ಕಿಯ ಹೆಸರು ಹೌಸ್ ಸ್ವಿಫ್ಟ್ ಅಂತಲೇ ಇದೆ.

ಏನಾಗಿದೆ ಅಂದರೆ, 1830ರಲ್ಲಿ ಜಾನ್ ಎಡ್ವರ್ಡ್ ಗ್ರೇ ಒಂದು ಹಕ್ಕಿಗೆ 'ಅಫಿನಿಸ್' ಅಂತ ಹೆಸರಿಟ್ಟ. ಅದೇ ದಶಕದಲ್ಲಿ ಕಠ್ಮಂಡುವಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಬ್ರಯಾನ್ ಹಾಡ್ಗ್‌ಸನ್ ನೇಪಾಳದ ಹಕ್ಕಿಯೊಂದಕ್ಕೆ 'ನಿಪಾಲೆನ್ಸಿಸ್' ಅಂದ. ಆಮೇಲಿನವರು ಎರಡೂ ಒಂದೇ ಜಾತಿಯ ಒಳಬಗೆ ಅಂತ ಸೇರಿಸಿಬಿಟ್ಟರು, ಬಹುಕಾಲ ಹಾಗೇ ನಡೆಯಿತು. ಕಳೆದ ಕೆಲವು ದಶಕಗಳಲ್ಲಿ ಮತ್ತೆ ಬೇರೆ ಮಾಡಿದ್ದಾರೆ. ಬೇರೆ ಮಾಡುವಾಗ ಹೌಸ್ ಸ್ವಿಫ್ಟ್ ಅನ್ನೋ ಇಂಗ್ಲಿಷ್ ಹೆಸರು ನಿಪಾಲೆನ್ಸಿಸ್ ಪಾಲಿಗೆ ಹೋಯ್ತು, ಅಫಿನಿಸ್‌ಗೆ ಲಿಟ್ಲ್ ಸ್ವಿಫ್ಟ್ ಅಂತ ಬಂತು. ಆಸ್ತಿ ಭಾಗ ಆದಾಗ ಮನೆಯಲ್ಲಿ ಇದ್ದವನಿಗೆ ಮನೆಯ ಹೆಸರೇ ಸಿಗದ ಹಾಗೆ.

ನಕಾಶೆ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತೆ. ಲಿಟ್ಲ್ ಸ್ವಿಫ್ಟ್ ಆಫ್ರಿಕಾ, ಪಶ್ಚಿಮ ಏಷ್ಯಾ ದಾಟಿ ನಮ್ಮ ಇಡೀ ಪರ್ಯಾಯ ದ್ವೀಪ, ಶ್ರೀಲಂಕಾವರೆಗೆ ಇದೆ. ಹೌಸ್ ಸ್ವಿಫ್ಟ್ ನೇಪಾಳ, ಈಶಾನ್ಯ ಭಾರತದಿಂದ ಶುರುವಾಗಿ ಆಗ್ನೇಯ ಏಷ್ಯಾ, ದಕ್ಷಿಣ ಚೀನಾ, ಜಪಾನ್ ತನಕ. ಅಂದರೆ ಯಲಹಂಕದ ಸ್ವಿಫ್ಟ್‌ಗೆ ನೈರೋಬಿಯ ಸ್ವಿಫ್ಟ್ ಒಂದೇ ಜಾತಿ, ಗ್ಯಾಂಗ್ಟಾಕ್‌ನದು ಬೇರೆ. ದೇಶದ ಗಡಿ ನೋಡಿ ಹಕ್ಕಿ ಹಂಚಿಕೊಂಡಿಲ್ಲ.

ಈಶಾನ್ಯಕ್ಕೆ ಹೋದಾಗ ಎರಡನ್ನೂ ಬೇರ್ಪಡಿಸೋದು ಹೀಗೆ. ಹೌಸ್ ಸ್ವಿಫ್ಟ್ ಸ್ವಲ್ಪ ಉದ್ದ, ಸುಮಾರು 15 ಸೆಂಟಿಮೀಟರ್. ಮೈ ಇನ್ನೂ ಗಾಢ ಕಪ್ಪು. ಸೊಂಟದ ಬಿಳಿ ಪಟ್ಟಿ ಕಿರಿದು, ಪಕ್ಕಕ್ಕೆ ಲಿಟ್ಲ್ ಸ್ವಿಫ್ಟ್‌ನಷ್ಟು ಸುತ್ತಿಕೊಳ್ಳಲ್ಲ, ಹಾಗಾಗಿ ಕೆಳಗಿನಿಂದ ಬಿಳಿ ಮಿಂಚೋದು ಕಡಿಮೆ. ಬಾಲದ ತುದಿಯಲ್ಲಿ ಉಗುರಿನಿಂದ ಒತ್ತಿದ ಹಾಗೆ ಸಣ್ಣ ಕಚ್ಚು ಇರುತ್ತೆ. ಬಾಲ ಬಿಚ್ಚಿದರೆ ಆ ಕಚ್ಚು ಮಾಯವಾಗಿ ಚೌಕವಾಗುತ್ತೆ. ಲಿಟ್ಲ್ ಸ್ವಿಫ್ಟ್ ಬಾಲ ಮುಚ್ಚಿದಾಗಲೇ ಚೌಕ, ಬಿಚ್ಚಿದರೆ ದುಂಡಗಾಗುತ್ತೆ. ಒಂದು ಫೋಟೋ ನೋಡಿ ತೀರ್ಪು ಕೊಡಬೇಡಿ, ನಾಲ್ಕೈದು ಬೇರೆ ಬೇರೆ ಭಂಗಿಯ ಫೋಟೋ ಬೇಕು. ಬೆಂಗಳೂರಲ್ಲೇ ಬಿಳಿ ಸೊಂಟದ ಜೊತೆ ಆಳವಾದ ಕವಲು ಬಾಲ ಕಂಡರೆ ಅದು ಹೌಸ್ ಸ್ವಿಫ್ಟ್ ಅಲ್ಲ, ಬ್ಲೈತ್ಸ್ ಸ್ವಿಫ್ಟ್ ಅಂತ ಚಳಿಗಾಲದಲ್ಲಿ ದಕ್ಷಿಣಕ್ಕೆ ಬರೋ ಇನ್ನೊಂದು ಹಕ್ಕಿ ಇರಬಹುದು. ಕೂಡಲೇ ಕ್ಯಾಮೆರಾ ಎತ್ತಿ.

ಹೆಸರಿನ ಈ ಅದಲುಬದಲು ಬರೀ ಪಂಡಿತರ ಜಗಳ ಅಂತ ಕೈಬಿಡೋ ಹಾಗಿಲ್ಲ. ಬೆಂಗಳೂರಿಗರಿಗೆ ಇದು ಬೇಗ ಅರ್ಥವಾಗುತ್ತೆ, ಯಾಕಂದರೆ ನಮ್ಮಲ್ಲಿ ಎರಡು ಪುಟ್ಟೇನಹಳ್ಳಿ ಕೆರೆ ಇವೆ. ಒಂದು ಜೆ.ಪಿ. ನಗರದಲ್ಲಿ, ಇನ್ನೊಂದು ಯಲಹಂಕದಲ್ಲಿ. ಯಲಹಂಕದ್ದು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಣೆಯಾಯ್ತು. ಪುಟ್ಟೇನಹಳ್ಳಿ ಕೆರೆಯಲ್ಲಿ ನೀರು ಚೆನ್ನಾಗಿದೆ ಅನ್ನೋ ವರದಿ ಯಾವ ಕೆರೆಯದು ಅಂತ ನೋಡದೆ ಹಂಚಿಕೊಂಡರೆ, ಒಂದರ ಸುಖದಲ್ಲಿ ಇನ್ನೊಂದರ ಕಷ್ಟ ಮುಚ್ಚಿಹೋಗುತ್ತೆ. ಸ್ವಿಫ್ಟ್ ವಿಷಯದಲ್ಲಿ ಇದರ ತಿರುವುಮುರುವು: ಹಳೇ ಪಟ್ಟಿಯಲ್ಲಿ 'ಬೆಂಗಳೂರು, ಹೌಸ್ ಸ್ವಿಫ್ಟ್, ಸಾಮಾನ್ಯ' ಅಂತಿದೆ, ಹೊಸ ಪಟ್ಟಿಯಲ್ಲಿ ಹೌಸ್ ಸ್ವಿಫ್ಟ್ ಇಲ್ಲವೇ ಇಲ್ಲ. ತಿಳಿಯದವರು ನೋಡಿದರೆ ನಗರದಿಂದ ಒಂದು ಜಾತಿಯೇ ನಾಪತ್ತೆ, ಇನ್ನೊಂದು ಎಲ್ಲಿಂದಲೋ ಬಂದು ತುಂಬಿಕೊಂಡಿದೆ. ಹಕ್ಕಿ ಮಾತ್ರ ಅದೇ ಚಾವಣಿಯ ಅದೇ ಮೂಲೆಯಲ್ಲಿದೆ. ಪರಿಸರ ಪರಿಣಾಮದ ವರದಿಗಳಿಗೆ ಹಳೇ ಪಟ್ಟಿಯಿಂದ ಹೆಸರು ನಕಲು ಮಾಡಿದ್ದರೂ ಇದರಿಂದಲೇ ಗೊತ್ತಾಗುತ್ತೆ. ದಕ್ಷಿಣ ಕರ್ನಾಟಕದ ಯೋಜನೆಯೊಂದರ ಹೊಸ ವರದಿಯಲ್ಲಿ ಹೌಸ್ ಸ್ವಿಫ್ಟ್, ಏಪಸ್ ನಿಪಾಲೆನ್ಸಿಸ್ ಅಂತ ಕಂಡರೆ, ಸ್ಥಳಕ್ಕೆ ಹೋಗಿದ್ದು ಯಾರು, ಯಾವಾಗ ಅಂತ ಸಾರ್ವಜನಿಕ ಅಹವಾಲಿನಲ್ಲಿ ಎದ್ದು ಕೇಳಿ. ನ್ಯಾಯವಾದ ಪ್ರಶ್ನೆ.

ನಾವು ಇ-ಬರ್ಡ್‌ಗೆ ಹಾಕೋ ಪಟ್ಟಿಗಳೂ ಎಲ್ಲೋ ಹೋಗಿ ಬೀಳಲ್ಲ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸುಮಾರು 30 ಸಾವಿರ ಹಕ್ಕಿಪ್ರಿಯರು ಕೊಟ್ಟ ಮೂರು ಕೋಟಿ ದಾಖಲೆಗಳ ಮೇಲೆ ನಿಂತಿದೆ. ದೀರ್ಘಕಾಲದ ಏರಿಳಿತ ಲೆಕ್ಕ ಹಾಕೋಕೆ ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಕುಸಿದಿವೆ ಅಂತ ಹೇಳಿದ್ದು ಅದೇ ವರದಿ. ಸರ್ಕಾರ ನಡೆಸಿದ ಗಣತಿ ಅಲ್ಲ, ಜನ ಕೊಟ್ಟ ಲೆಕ್ಕ. ಅದಕ್ಕೇ ಗೊತ್ತಿಲ್ಲದಾಗ 'ಯಾವುದೋ ಸ್ವಿಫ್ಟ್' ಅನ್ನೋ ಆಯ್ಕೆ ಒತ್ತೋದರಲ್ಲಿ ಅವಮಾನ ಏನಿಲ್ಲ, ಆ ಆಯ್ಕೆ ಇಟ್ಟಿರೋದೇ ಅದಕ್ಕೆ. ಊಹಿಸಿ ಒತ್ತಿದ ಹೆಸರಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತೆ.

ವಿಮಾನದ ಮಾತಿಂದ ಶುರು ಮಾಡಿದ್ದರಿಂದ ಇದನ್ನೂ ಹೇಳ್ತೀನಿ. 1960ರ ಅಕ್ಟೋಬರ್ 4ರಂದು ಅಮೆರಿಕದ ಬಾಸ್ಟನ್‌ನಲ್ಲಿ ಮೇಲೇರಿದ ವಿಮಾನವೊಂದು ಹಕ್ಕಿಗಳ ಹಿಂಡಿಗೆ ಸಿಕ್ಕಿ ಬಿತ್ತು, 62 ಜನ ಸತ್ತರು. ಎಂಜಿನ್‌ನಲ್ಲಿ ಉಳಿದ ಪುಕ್ಕದ ಚೂರು ನೋಡಿ ಅದು ಸ್ಟಾರ್ಲಿಂಗ್ ಅಂತ ಹೇಳಿದ್ದು ಸ್ಮಿತ್ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬೋರ್ನ್. ನಮ್ಮ ಗೊರವಂಕನ ಹತ್ತಿರದ ನೆಂಟ, ಅಂಗೈಯಗಲದ ಹಕ್ಕಿ. ಹಕ್ಕಿ ಯಾವುದು, ಎಷ್ಟು ತೂಕ, ಹಿಂಡಲ್ಲಿ ಹಾರುತ್ತಾ ಅಂತ ತಿಳಿದ ಮೇಲೆ ಎಂಜಿನ್‌ಗಳನ್ನು ಹೇಗೆ ಪರೀಕ್ಷಿಸಬೇಕು ಅನ್ನೋದು ನಿರ್ಧಾರವಾಗತೊಡಗಿತು. ಯಲಹಂಕದ ರನ್‌ವೇ ಸುತ್ತಲೂ ಸ್ವಿಫ್ಟ್‌ಗಳಿರುತ್ತವೆ, ಮಾಂಸದಂಗಡಿ ಮುಚ್ಚಿದರೂ ಇರುತ್ತವೆ, ಯಾಕಂದರೆ ಅವು ಬಂದಿರೋದು ಹುಲ್ಲಿನ ಮೇಲೇಳೋ ಹುಳಕ್ಕೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಮೂಡಿದ ಗೆದ್ದಲು ಎದ್ದಾಗ ಅವು ತಲೆ ಸವರೋ ಹಾಗೆ ಕೆಳಕ್ಕೆ ಇಳಿಯುತ್ತವೆ. ಎರಡು ಜಾತಿಯನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ದುರ್ಬೀನೂ ಬೇಡ.

ಆ ಮಳೆಯಲ್ಲೇ ಕೆಲವೊಮ್ಮೆ ಸ್ವಿಫ್ಟ್ ನೆಲಕ್ಕೆ ಬಿದ್ದು ರೆಕ್ಕೆ ಹರಡಿ ತೆವಳೋದು ಕಾಣುತ್ತೆ. ಕಾಲು ಮುರಿದಿದೆ ಅಂದುಕೊಳ್ಳಬೇಡಿ, ಆ ಕಾಲೇ ಅಷ್ಟು. ನೆಲದಿಂದ ಮೇಲೇಳೋದು ಅದಕ್ಕೆ ಕಷ್ಟ. ಒದ್ದೆಯಾಗಿದ್ದರೆ ಗಾಳಿಯಾಡೋ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿ ಒಣಗೋಕೆ ಬಿಡಿ, ಅನ್ನ ಹಾಲು ಏನನ್ನೂ ಬಾಯಿಗೆ ಹಾಕಬೇಡಿ. ಒಣಗಿದ ಮೇಲೆ ಮಹಡಿಗೆ ಹೋಗಿ, ಬೆಳಕಿದ್ದಾಗ, ಅಂಗೈ ಮೇಲೆ ಇಟ್ಟು ಕೈ ಎತ್ತಿ ಹಿಡಿದುಕೊಳ್ಳಿ. ಮೇಲಕ್ಕೆ ಎಸೆಯಬೇಡಿ. ಹಾರೋದಾದರೆ ಅದೇ ಹಾರುತ್ತೆ, ಇಲ್ಲದಿದ್ದರೆ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಫೋನ್ ಮಾಡಿ. ಕೈಯಲ್ಲಿದ್ದಾಗ ಸೊಂಟದ ಪಟ್ಟಿ, ಬಾಲದ ತುದಿ ನೋಡಿ ಒಂದು ಫೋಟೋ ತಗೊಳ್ಳೋದನ್ನು ಮರೀಬೇಡಿ.